ಮಹಾಲಿಂಗಪ್ಪನವರ ಹದಿನಾಲ್ಕು

ಗಾಲ್ಫಿನ ವಿಷಯದಲ್ಲಿ ರಾಕೇಶ್ ಮಾಡಿದ ಮೊದಲ ಪೆದ್ದುತನವೆಂದರೆ ಒಬ್ಬ ಹೆಂಗಸನ್ನು ಅಭಿನಂದಿಸಿದ್ದು.

2002ರ ಏಪ್ರಿಲ್ ತಿಂಗಳ ಒಂದು ಶನಿವಾರ. ಕಾರ್ಲ್ಸ್‌ರುಹೆಯಿಂದ ಟ್ರಾಮಿನಲ್ಲಿ ನಲವತ್ತು ನಿಮಿಷ ಹೋದರೆ ಸಿಗುವ ಹಳ್ಳಿಯೊಂದರ ಗಾಲ್ಫ್ ಕ್ಲಬ್ಬಿನ ಪಡಸಾಲೆಯಲ್ಲಿ ಅವನು ನಿಂತಿದ್ದ. ಗೋಡೆಯ ಮೇಲಿನ ಗಾಜಿನ ಪೆಟ್ಟಿಗೆಯೊಳಗೆ ಸದಸ್ಯರ ಪಟ್ಟಿ, ಪ್ರತಿ ಹೆಸರಿನ ಮುಂದೆ ಒಂದು ಅಂಕಿ. ಅವನನ್ನು ಅಲ್ಲಿಗೆ ಕರೆತಂದಿದ್ದ ಮಹಾಲಿಂಗಪ್ಪನವರ ಹೆಸರಿನ ಮುಂದೆ ಹದಿನಾಲ್ಕು ಎಂದಿತ್ತು. ಅವರು ಆಗಷ್ಟೇ ಪರಿಚಯ ಮಾಡಿಸಿದ್ದ ಫ್ರಾವ್ ಹಿಲ್ಲರ್ ಎಂಬ ಹೆಂಗಸಿನ ಹೆಸರಿನ ಮುಂದೆ ನಲವತ್ತೆಂಟು. ಎಸ್ಸೆಸ್ಸೆಲ್ಸಿಯಿಂದ ಎಂಜಿನಿಯರಿಂಗಿನ ಕೊನೆಯ ಸೆಮಿಸ್ಟರಿನವರೆಗೆ ಮಾರ್ಕ್ಸ್ ಕಾರ್ಡುಗಳ ನೆರಳಿನಲ್ಲೇ ಬೆಳೆದವನಿಗೆ ಇದರಲ್ಲಿ ಕೇಳಿ ತಿಳಿದುಕೊಳ್ಳುವಂಥದ್ದೇನೂ ಕಾಣಲಿಲ್ಲ. ಸಂಜೆ ತರಗತಿಯಲ್ಲಿ ಕಲಿತ ಜರ್ಮನ್ನನ್ನು ಹುರಿಗೊಳಿಸಿಕೊಂಡು, ಕೋಣೆಗೆಲ್ಲ ಕೇಳುವಂತೆ, “ನಲವತ್ತೆಂಟು, ತುಂಬ ಚೆನ್ನಾಗಿದೆ, ಅಭಿನಂದನೆಗಳು” ಅಂದ. ಆಮೇಲೆ ಮಹಾಲಿಂಗಪ್ಪನವರ ಕಡೆ ತಿರುಗಿ ದನಿ ತಗ್ಗಿಸಿ, “ಪರವಾಗಿಲ್ಲ ಬಿಡಿ ಅಂಕಲ್, ನೀವು ಲೇಟಾಗಿ ಸ್ಟಾರ್ಟ್ ಮಾಡಿದ್ದಲ್ವಾ, ಇಂಪ್ರೂವ್ ಆಗತ್ತೆ” ಅಂತ ಸಮಾಧಾನವನ್ನೂ ಹೇಳಿದ.

ಫ್ರಾವ್ ಹಿಲ್ಲರ್ ಕಿವಿಯವರೆಗೆ ಕೆಂಪಾಗಿ ಹೊರಗೆ ಹೋದರು. ಆಗಸ್ಟಿನವರೆಗೆ ಅವನ ನಮಸ್ಕಾರಕ್ಕೆ ಪ್ರತಿನಮಸ್ಕಾರ ಬರಲಿಲ್ಲ.

ಮಹಾಲಿಂಗಪ್ಪನವರು ಅವನನ್ನು ತೋಳು ಹಿಡಿದು ಆಚೆ ಕರೆದುಕೊಂಡು ಬಂದು, ಕಿಸೆಯಿಂದ ಚೆಂಡು ತೆಗೆದು ಅಂಗಿಯ ತುದಿಯಿಂದ ಒರೆಸುತ್ತ ಹೇಳಿದರು:

“ತಮ್ಮಾ, ಇದು ಪರೀಕ್ಷಾದ ಮಾರ್ಕ್ಸ್ ಅಲ್ಲೋ. ಕಡಿಮಿ ಇದ್ದಷ್ಟು ಶಾಣ್ಯಾ. ಪೂರಾ ಪಳಗಿದಾಂವ ಎಪ್ಪತ್ತೆರಡು ಹೊಡತದಾಗ ಆಟ ಮುಗಸ್ತಾನ. ನನಗ ಅವನಕಿಂತ ಹದಿನಾಕು ಹೊಡತ ಹೆಚ್ಚಿಗಿ ಬೇಕು. ಆ ಬಾಯಾರಿಗೆ ನಲವತ್ತೆಂಟು ಬೇಕು. ನೀ ಅದನ್ನ ನಾಕು ಮಂದ್ಯಾಗ ಓದಿ ಹೇಳಿ ಶಾಬಾಸ್ ಅಂದಿ.”

“ಹೋಗಿ ಸಾರಿ ಕೇಳ್ಲಾ ಅಂಕಲ್?”

“ಸುಮ್ಮನಿರು. ನೀ ಇನ್ನೊಮ್ಮೆ ಬಾಯಿ ತಗದ್ರ ಐವತ್ತು ಅಕ್ಕೈತಿ.”

ರಾಕೇಶ್ ಮೈಸೂರಿನವನು. ಬೆಂಗಳೂರಿನ ಕಂಪನಿಯಲ್ಲಿ ಮೂರು ವರ್ಷ ‘ಎಕ್ಸ್‌ಪರ್ಟ್’ ಎನಿಸಿಕೊಂಡಿದ್ದು, ಗ್ರೀನ್ ಕಾರ್ಡ್ ಯೋಜನೆಯಲ್ಲಿ ಐದು ವರ್ಷದ ಮಟ್ಟಿಗೆ ಜರ್ಮನಿಗೆ ಬಂದಿದ್ದ. ಊರಿನವರು ಆ ಹಸಿರು ಕಾರ್ಡು ತೋರಿಸು ಅಂದರೆ ತೋರಿಸಲು ಅವನ ಹತ್ತಿರ ಪಾಸ್‌ಪೋರ್ಟಿಗೆ ಅಂಟಿಸಿದ ಒಂದು ಚೀಟಿ ಬಿಟ್ಟರೆ ಬೇರೇನೂ ಇರಲಿಲ್ಲ. ಎಕ್ಸ್‌ಪರ್ಟ್‌ಗಿರಿಯ ಕಥೆಯೂ ಹೆಚ್ಚುಕಡಿಮೆ ಅದೇ. ಇಲ್ಲಿ ಬಂದ ಮೊದಲ ವರ್ಷಪೂರ್ತಿ ಅವನು ಮಾಡಿದ ಕೆಲಸವೆಂದರೆ ವಿಮಾ ಕಂಪನಿಯೊಂದರ ಹಳೆಯ ಪ್ರೋಗ್ರಾಮುಗಳಲ್ಲಿ ಮಾರ್ಕ್ ಇದ್ದ ಕಡೆಯೆಲ್ಲ ಯೂರೋ ಬರುವಂತೆ ಮಾಡುವುದು. ಒಂದು ಯೂರೋ ಅಂದರೆ 1.95583 ಮಾರ್ಕ್. ಐದನೆಯ ದಶಮಾಂಶವನ್ನೂ ಬಿಡದೆ ಅವನು ಗುಣಿಸಿದ, ಭಾಗಿಸಿದ. ಯಾವ ಅಂಕಿ ಯಾವ ಅಳತೆಯಲ್ಲಿದೆ ಎಂದು ಮೊದಲು ಕೇಳಬೇಕು ಎನ್ನುವುದು ಆ ಕೆಲಸದ ಮೊದಲ ಪಾಠ. ಅದನ್ನು ಅವನು ಕಚೇರಿಯಲ್ಲೇ ಬಿಟ್ಟು ಮನೆಗೆ ಬರುತ್ತಿದ್ದ ಎನ್ನುವುದು ಆಮೇಲೆ ಗೊತ್ತಾಯಿತು.

ಮಹಾಲಿಂಗಪ್ಪನವರು ಅವನಿಗೆ ಸಿಕ್ಕಿದ್ದು ಟ್ರಾಮಿನಲ್ಲಿ. ಹಣೆಯ ಮೇಲೆ ವಿಭೂತಿ, ಕೊರಳಿಗೆ ಮಫ್ಲರ್, ಕಾಲ ಸಂದಿಯಲ್ಲಿ ಕೋಲುಗಳು ತುಂಬಿದ ಉದ್ದನೆಯ ಚೀಲ. ಈ ಮೂರನ್ನೂ ಒಂದೇ ಮನುಷ್ಯನಿಗೆ ಹೊಂದಿಸಲಾಗದೆ ರಾಕೇಶ್ ನೋಡುತ್ತಿದ್ದಾಗ, ಟ್ರಾಮು ತಿರುವಿನಲ್ಲಿ ವಾಲಿ ಚೀಲ ಉರುಳಿತು. “ಇದರಾಪ್ಪನ” ಎಂದು ಆ ಮನುಷ್ಯರು ಮೆಲ್ಲಗೆ ಅಂದದ್ದೇ ರಾಕೇಶನಿಗೆ ಸಾಕಾಯಿತು. ಮುಂದಿನ ಭಾನುವಾರ ಅವನು ಅವರ ಮನೆಯಲ್ಲಿ ಜೋಳದ ರೊಟ್ಟಿ ತಿನ್ನುತ್ತಿದ್ದ.

ಅವರು ಹುಬ್ಬಳ್ಳಿಯವರು. ಡಿಪ್ಲೊಮಾ ಮುಗಿಸಿ ಧಾರವಾಡದ ಕಾರ್ಖಾನೆಯೊಂದರಲ್ಲಿ ಕೆಲಸ ಹಿಡಿದು ಆರು ವರ್ಷ ದಿನವೂ ಬಸ್ಸಿನಲ್ಲಿ ಹೋಗಿಬಂದವರು. 1979ರಲ್ಲಿ ಕಾರ್ಖಾನೆಯವರು ಒಂದು ವರ್ಷದ ತರಬೇತಿಗೆಂದು ಜರ್ಮನಿಗೆ ಕಳಿಸಿದರು. ತರಬೇತಿ ಕೊಟ್ಟವರು ಬಿಟ್ಟುಕೊಡಲಿಲ್ಲ. ಅಲ್ಲಿಂದ ಮುಂದೆ ಗಿಯರ್ ತಯಾರಿಸುವ ಕಾರ್ಖಾನೆಯ ಅಳತೆ ಕೋಣೆಯೇ ಅವರ ಜಾಗ. ಬೇಸಿಗೆ ಚಳಿಗಾಲ ಎನ್ನದೆ ಇಪ್ಪತ್ತು ಡಿಗ್ರಿಯಲ್ಲಿರುವ ಆ ಕೋಣೆಯಲ್ಲಿ ಕೂತು ಅವರು ಗಿಯರಿನ ಹಲ್ಲುಗಳನ್ನು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದವರೆಗೆ ಅಳೆಯುತ್ತಿದ್ದರು. ಇಪ್ಪತ್ತಮೂರು ವರ್ಷದಲ್ಲಿ ಅವರು ಬೇಡವೆಂದ ಒಂದು ಗಿಯರೂ ಆಚೆ ಹೋಗಿರಲಿಲ್ಲ. ಮಗಳು ನೇತ್ರಾ ಎರ್ಲಾಂಗೆನ್ನಿನಲ್ಲಿ ಓದುತ್ತಿದ್ದಳು. ಫೋನಿನಲ್ಲಿ ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ಜರ್ಮನ್ನಿನಲ್ಲಿ ಉತ್ತರ ಕೊಡುತ್ತಿದ್ದಳು.

ಗಾಲ್ಫು ಅವರ ಮನೆಗೆ ಬಂದದ್ದು ಗುಜರಿ ಸಾಮಾನಿನ ಹಾಗೆ. ನಿವೃತ್ತರಾದ ಮೇಲಧಿಕಾರಿಯೊಬ್ಬರು ಸಣ್ಣ ಮನೆಗೆ ಹೋಗುವಾಗ ತಮ್ಮ ಹಳೆಯ ಕೋಲಿನ ಚೀಲವನ್ನು ಇವರ ಕೈಗೆ ಕೊಟ್ಟುಹೋದರು. ಆರು ತಿಂಗಳು ಅದು ಚಪ್ಪಲಿ ಗೂಡಿನ ಹಿಂದಿತ್ತು. ಅವರ ಹೆಂಡತಿ ಸುಶೀಲಾಬಾಯಿ ಅದರಿಂದ ಒಂದು ಕೋಲು ಎತ್ತಿಕೊಂಡು ಬಾಲ್ಕನಿಯ ಪಾರಿವಾಳ ಓಡಿಸುತ್ತಿದ್ದರು. ಒಳ್ಳೆಯ ಉಕ್ಕು ಹೀಗೆ ಹಾಳಾಗುವುದನ್ನು ನೋಡಲಾಗದೆ ಮಹಾಲಿಂಗಪ್ಪನವರು ಕ್ಲಬ್ಬು ಸೇರಿದರು. ಶತಾವರಿ ಬೆಳೆಯುವ ರೈತನೊಬ್ಬ ತನ್ನ ಹೊಲದ ಒಂದು ಭಾಗಕ್ಕೆ ಹುಲ್ಲು ಹಾಕಿಸಿ ಒಂಬತ್ತು ಗುಳಿ ತೋಡಿಸಿದ್ದ ಜಾಗ ಅದು. ಒಂಬತ್ತನ್ನು ಎರಡು ಸುತ್ತು ಆಡಿದರೆ ಹದಿನೆಂಟರ ಲೆಕ್ಕ.

ಹನ್ನೆರಡು ವರ್ಷ ಅವರು ಅಲ್ಲಿ ಬಿಟ್ಟು ಬೇರೆಲ್ಲೂ ಆಡಲಿಲ್ಲ. ಮತ್ತು ಅಲ್ಲಿಯ ಒಂಬತ್ತು ಗುಳಿಗಳನ್ನು ಅವರು ಒಂದು, ಎರಡು, ಮೂರು ಎಂದು ಕರೆಯಲೂ ಇಲ್ಲ. ಮೊದಲನೆಯದು ಅವರ ಹಳೆಯ ಧಾರವಾಡದ ಬಸ್ಸು ಹೊರಡುತ್ತಿದ್ದ ಚೆನ್ನಮ್ಮ ಸರ್ಕಲ್. ಆಮೇಲೆ ಹೊಸೂರ, ವಿದ್ಯಾನಗರ. ನಾಲ್ಕನೆಯದಕ್ಕೆ ಅಡ್ಡಲಾಗಿ ಹೊಂಡವಿದ್ದದ್ದರಿಂದ ಅದು ಕೆರೆಯ ಸ್ಟಾಪಾದ ಉಣಕಲ್ ಆಗದೆ ಬೇರೆ ದಾರಿಯೇ ಇರಲಿಲ್ಲ. ಭೈರಿದೇವರಕೊಪ್ಪ, ಅಮರಗೋಳ, ರಾಯಾಪುರ, ಸತ್ತೂರ ದಾಟಿ ಒಂಬತ್ತನೆಯದಕ್ಕೆ ಧಾರವಾಡ. ಎರಡನೆಯ ಸುತ್ತು ಶುರುವಾದರೆ, “ನಡಿ, ಮನೀಕಡೆ ಹೊಂಟ್ವಿ” ಅನ್ನುತ್ತಿದ್ದರು, ಮತ್ತೆ ಚೆನ್ನಮ್ಮ ಸರ್ಕಲ್ಲಿನಿಂದಲೇ ಹೊಡೆಯುತ್ತ. ಹಾಗಾದರೆ ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸು ಯಾವಾಗ ಬಂತು ಅಂತ ರಾಕೇಶ್ ಒಮ್ಮೆ ಕೇಳಿದ್ದ. “ಖಾಲಿ ಗಾಡಿ ಬರ್ತೈತಿ. ನೀ ಅದನ್ನ ನೋಡಬ್ಯಾಡ” ಅಂದಿದ್ದರು.

ಹೊಡೆಯುವ ರೀತಿ ನೋಡಲು ಚಂದವಿರಲಿಲ್ಲ. ಗಿಡ್ಡ ಆಳು, ಕಟ್ಟಿಗೆ ಒಡೆಯುವವರ ಹಾಗೆ ಕೋಲು ಎತ್ತುತ್ತಿದ್ದರು. ಆದರೆ ಎಲ್ಲಿ ನಿಂತು ಯಾವ ಕೋಲು ಎತ್ತಬೇಕು ಎನ್ನುವುದರಲ್ಲಿ ತಪ್ಪುತ್ತಿರಲಿಲ್ಲ. ಉಣಕಲ್ಲಿನಲ್ಲಿ ಆಕ್ರೋಡದ ಮರದ ಪಕ್ಕ ಚೆಂಡು ಬಿದ್ದರೆ ಏಳನೇ ನಂಬರ್. ಮರದಿಂದ ನಾಲ್ಕು ಹೆಜ್ಜೆ ಹಿಂದಾದರೆ ಆರು, ನಂಬರು ಇಳಿದಷ್ಟೂ ಚೆಂಡು ದೂರ ಹೋಗುವುದರಿಂದ. ರಾಯಾಪುರದಲ್ಲಿ ಹಂದಿ ಕೊಟ್ಟಿಗೆಯ ಕೆಂಪು ಹೆಂಚು ಕಂಡರೆ ಎಂಟು, ಕಾಣದಿದ್ದರೆ ಒಂಬತ್ತು. ಇವನ್ನೆಲ್ಲ ಅವರು ನೀಲಿ ರಟ್ಟಿನ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು: ಗುಳಿ, ಗುರುತು, ದೂರ, ಕೋಲಿನ ನಂಬರು. ಹೀಗೆ ಹನ್ನೆರಡು ವರ್ಷ ಬರೆದು, ಹೊಡೆದು, ಐವತ್ತನಾಲ್ಕರಿಂದ ಇಳಿದು ಇಳಿದು ಹದಿನಾಲ್ಕಕ್ಕೆ ಬಂದು ನಿಂತಿದ್ದರು.

ಹದಿನಾಲ್ಕು ಬಂದ ವರ್ಷವೇ ಕ್ಲಬ್ಬಿನ ಹಿರಿಯರ ತಂಡಕ್ಕೂ ಸೇರಿದರು. ಆರು ಜನರ ತಂಡ. ಹದಿನೆಂಟಕ್ಕಿಂತ ಹೆಚ್ಚಿನ ಅಂಕಿಯವರಿಗೆ ಪ್ರವೇಶವಿಲ್ಲ. ಎಲ್ಲರಿಗೂ ಕಡು ಹಸಿರು ಬಣ್ಣದ ಒಂದೇ ಥರದ ಜರ್ಸಿ. ತಂಡದ ಪಂದ್ಯಗಳು ಪರಊರಲ್ಲಿದ್ದಾಗ ಮಹಾಲಿಂಗಪ್ಪನವರಿಗೆ ಏನಾದರೊಂದು ಅಡ್ಡಿ ಬರುತ್ತಿತ್ತು: ಒಮ್ಮೆ ನೆಗಡಿ, ಒಮ್ಮೆ ಮಗಳ ಮನೆ ಬದಲಾವಣೆ. ಸ್ವಂತ ಮೈದಾನದ ಪಂದ್ಯಗಳಲ್ಲಿ ಮಾತ್ರ ಅವರು ಹಸಿರು ಜರ್ಸಿಯಲ್ಲಿ ಎಲ್ಲರಿಗಿಂತ ಮೊದಲು ಬಂದು ನಿಂತಿರುತ್ತಿದ್ದರು.

“ಅದೊಂದು ಹಸರ ಬನಿಯನ್ ಹಾಕ್ಕೊಂಡ್ರ ನಮ್ಮನಿಯವ್ರು ಮದುಮಗನಗತೆ ಅಕ್ಕಾರು” ಅಂದರು ಸುಶೀಲಾಬಾಯಿ ಒಂದು ಭಾನುವಾರ, ರಾಕೇಶನ ತಟ್ಟೆಗೆ ಎರಡನೆಯ ರೊಟ್ಟಿ ಹಾಕುತ್ತ. “ಲಗ್ನದಾಗೂ ಇಷ್ಟು ಕನ್ನಡಿ ನೋಡಿರಲಿಲ್ಲ.”

“ಕಂಪನಿಯಾಗ ಇಪ್ಪತ್ಮೂರು ವರ್ಷ ಆತು,” ಅಂದರು ಮಹಾಲಿಂಗಪ್ಪನವರು. “ಅಲ್ಲಿ ನನ್ನ ಹೆಸರು ಪಗಾರದ ಯಾದ್ಯಾಗ ಬರ್ತೈತಿ, ಅದು ಬರಲೇಬೇಕು. ಇಲ್ಲೆ ನಾಕು ಮಂದಿ ಕುಂತು, ಈ ಮನಶಾ ಇರಲಿ ಅಂತ ಬರದಾರ. ಅಷ್ಟs.”

ಅದಾದ ಮೇಲೆ ಆ ಮಾತು ಅವರು ಮತ್ತೆ ಎತ್ತಲಿಲ್ಲ. ಎತ್ತುವ ಪ್ರಸಂಗ ಜೂನ್ ತಿಂಗಳಲ್ಲಿ ತಾನಾಗಿಯೇ ಬಂತು. ತಂಡದ ಏಳನೆಯವನಾಗಿ ಕಾಯುತ್ತಿದ್ದ ಒಬ್ಬ ಸದಸ್ಯ ಸಮಿತಿಗೆ ಕಾಗದ ಬರೆದ. ಮಹಾಲಿಂಗಪ್ಪನವರ ಹದಿನಾಲ್ಕು ಪೂರ್ತಿ ಸ್ವಂತ ಮೈದಾನದಲ್ಲೇ ಬಂದದ್ದು, ಹೊರಗಿನ ಒಂದು ಸ್ಕೋರ್ ಕಾರ್ಡೂ ಅದರಲ್ಲಿಲ್ಲ, ಅಂಥ ಅಂಕಿಯನ್ನು ಹೇಗೆ ನಂಬುವುದು ಅಂತ. ಸಮಿತಿಯ ಮುಖ್ಯಸ್ಥ ಹೆರ್ ಕೆಸ್ಲರ್ ಒಳ್ಳೆಯ ಮನುಷ್ಯ. ರೈಲ್ವೆಯಲ್ಲಿ ವೇಳಾಪಟ್ಟಿ ಮಾಡಿ ನಿವೃತ್ತರಾದವರು. ಬಂದ ಕಾಗದಕ್ಕೆ ಉತ್ತರ ಕೊಡದೆ ಇರುವುದು ಅವರಿಂದ ಆಗದು. ಮಹಾಲಿಂಗಪ್ಪನವರನ್ನು ಕೂರಿಸಿಕೊಂಡು ವಿವರಿಸಿದರು. ಸಾಮಾನ್ಯವಾಗಿ ಒಂದು ಕೆಟ್ಟ ದಿನಕ್ಕೆ ಅಂಕಿ ಎಳ್ಳಷ್ಟು ಏರುತ್ತದೆ, ಹೆಚ್ಚಲ್ಲ. ಆದರೆ ದೂರು ಬಂದಾಗ ಪರಿಶೀಲಿಸಿ ಬದಲಾಯಿಸುವ ಅಧಿಕಾರ ಸಮಿತಿಗಿದೆ. ಆದ್ದರಿಂದ ಹೊರಗೆ ಒಂದು ಪಂದ್ಯ ಆಡಿ ಕಾರ್ಡು ತನ್ನಿ. ಅಂಕಿಯ ಆಸುಪಾಸು ಬಂದರೆ ಕಡತ ಮುಚ್ಚುತ್ತೇನೆ. ಬರದಿದ್ದರೆ ಇಪ್ಪತ್ತರ ಮೇಲೆ ಬರೆಯಬೇಕಾಗುತ್ತದೆ.

ಇಪ್ಪತ್ತರ ಮೇಲೆ ಅಂದರೆ ತಂಡವೂ ಇಲ್ಲ, ಜರ್ಸಿಯೂ ಇಲ್ಲ. ಅದನ್ನು ಕೆಸ್ಲರ್ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಜುಲೈ ಕೊನೆಯ ಶನಿವಾರ, ಹೈಡೆಲ್‌ಬರ್ಗ್ ಕಡೆಯ ಗುಡ್ಡದ ಮೇಲೊಂದು ಹದಿನೆಂಟು ಗುಳಿಯ ಮೈದಾನದಲ್ಲಿ ಎಲ್ಲರಿಗೂ ತೆರೆದ ಪಂದ್ಯವಿತ್ತು. ಕೆಸ್ಲರ್ ಕೂಡ ಅದರಲ್ಲಿ ಆಡುವವರಿದ್ದರು. ಪರಊರಿನ ಮೈದಾನ ಕಷ್ಟದ್ದಾದರೆ ಅದಕ್ಕೂ ಜರ್ಮನರು ಒಂದು ಪಟ್ಟಿ ಮಾಡಿಟ್ಟಿದ್ದಾರೆ. ಅದರ ಪ್ರಕಾರ ಮಹಾಲಿಂಗಪ್ಪನವರ ಹದಿನಾಲ್ಕು ಆ ಗುಡ್ಡದ ಮೇಲೆ ಹದಿನಾರು ಆಗುತ್ತದೆ. ಎಪ್ಪತ್ತೆರಡಕ್ಕೆ ಹದಿನಾರು ಸೇರಿ ಎಂಬತ್ತೆಂಟು. ತೊಂಬತ್ತೆರಡರವರೆಗೆ ಬಂದರೂ ಒಪ್ಪುತ್ತೇನೆ ಅಂತ ಕೆಸ್ಲರ್ ಹೇಳಿದ್ದರು. ರಾಕೇಶ್ ಆ ಪಟ್ಟಿಯನ್ನು ಬಹಳ ಮೆಚ್ಚಿಕೊಂಡ. ಏರು, ಇಳಿಜಾರು, ಹೊಂಡ, ಮರಳು ಎಲ್ಲಕ್ಕೂ ಅದರಲ್ಲಿ ಲೆಕ್ಕವಿತ್ತು. ಆ ಜಾಗ ಆಡುವವನಿಗೆ ಗೊತ್ತೋ ಇಲ್ಲವೋ ಎನ್ನುವುದಕ್ಕೆ ಮಾತ್ರ ಕಾಲಮ್ಮು ಇರಲಿಲ್ಲ. ಅದು ಅವನ ಗಮನಕ್ಕೆ ಬರಲಿಲ್ಲ.

“ಅಲ್ಲಿ ಆಕ್ರೋಡ ಗಿಡ ಇರೂದಿಲ್ಲಲೋ” ಅಂದರು ಮಹಾಲಿಂಗಪ್ಪನವರು.

“ಗಿಡ ಯಾಕೆ ಬೇಕು ಅಂಕಲ್? ನಿಮ್ಮ ನೋಟ್‌ಬುಕ್ಕಲ್ಲಿ ಹನ್ನೆರಡು ವರ್ಷದ ಡೇಟಾ ಇದೆ. ಕೊಡಿ ನಂಗೆ. ಯಾವ ಕೋಲಿಂದ ಎಷ್ಟು ದೂರ ಹೋಗತ್ತೆ ಅಂತ ಆವರೇಜ್ ತೆಗೆದುಕೊಡ್ತೀನಿ. ಯಾವ ಊರಾದ್ರೂ ನಡೆಯತ್ತೆ.”

ಅವರು ನೋಟ್‌ಬುಕ್ಕನ್ನು ಒಂದು ಗಳಿಗೆ ಕೈಯಲ್ಲೇ ಹಿಡಿದಿದ್ದು ಆಮೇಲೆ ಕೊಟ್ಟರು. ಮೂರು ವಾರಾಂತ್ಯ ಕೂತು ರಾಕೇಶ್ ಎರಡು ಸಾವಿರಕ್ಕೂ ಹೆಚ್ಚು ಹೊಡೆತಗಳನ್ನು ಎಕ್ಸೆಲ್ಲಿಗೆ ಇಳಿಸಿದ. ಚಳಿಗಾಲದ್ದು ಬೇರೆ, ಬೇಸಿಗೆಯದು ಬೇರೆ ಮಾಡಿದ. ಏಳನೇ ನಂಬರಿನ ಕೋಲಿಗೆ 170.4 ಬಂತು. ಅಂಕಿಯ ಮುಂದೆ ‘ಮೀ.’ ಎಂದು ಬರೆಯುವಾಗ ಅವನ ಕೈ ತಡೆಯಲಿಲ್ಲ. ಜರ್ಮನಿಯಲ್ಲಿ, ಅದೂ ಅಳತೆ ಕೋಣೆಯಲ್ಲಿ ಕೂರುವ ಮನುಷ್ಯರ ನೋಟ್‌ಬುಕ್ಕಿನಲ್ಲಿ, ದೂರ ಮೀಟರಿನಲ್ಲಿ ಇಲ್ಲದೆ ಇನ್ನೇನಿರಲು ಸಾಧ್ಯ? ಅಂಗೈ ಅಗಲದ ಹಾಳೆಯ ಮೇಲೆ ಮುದ್ರಿಸಿ, ಆಫೀಸಿನಲ್ಲಿ ಯಾರೂ ಇಲ್ಲದಾಗ ಅದಕ್ಕೆ ಪ್ಲಾಸ್ಟಿಕ್ ಹೊದಿಕೆಯನ್ನೂ ಹಾಕಿಸಿಕೊಂಡ. ಜರ್ಮನಿಗೆ ಬಂದ ಮೇಲೆ ತನ್ನ ವಿದ್ಯೆ ನಿಜವಾಗಿ ಯಾರಿಗೋ ಉಪಯೋಗವಾಗುತ್ತಿರುವುದು ಇದೇ ಮೊದಲು ಅನ್ನಿಸಿತು.

ಪಂದ್ಯದ ದಿನ ಚೀಲದ ಗಾಡಿ ತಳ್ಳುವ ಕೆಲಸ ಅವನದು. ನಿಯಮದ ಪ್ರಕಾರ ಆಟಗಾರನಿಗೆ ಸಲಹೆ ಕೊಡುವ ಹಕ್ಕಿರುವುದು ಅವನಿಗೊಬ್ಬನಿಗೇ. ಮಹಾಲಿಂಗಪ್ಪನವರು ಹಸಿರು ಜರ್ಸಿ ಹಾಕಿಕೊಂಡಿದ್ದರು. ಮೊದಲ ಗುಳಿಗೆ ನಿಂತು ಸುತ್ತಲೂ ನೋಡಿದರು. ಒಂದು ಕಡೆ ಬೀಚ್ ಜಾತಿಯ ಮರಗಳ ಕಾಡು, ಒಂದು ಕಡೆ ಕಣಿವೆ.

“ಇದು ಯಾವ ಸ್ಟಾಪು?” ಅಂದರು.

“ಮೈಸೂರಿನ ಸ್ಟಾಪ್ ಇಟ್ಕೊಳ್ಳೋಣ ಅಂಕಲ್. ಇದು ಸಿಟಿ ಬಸ್ ಸ್ಟ್ಯಾಂಡ್, ಮುಂದಿಂದು ಕೆ.ಆರ್. ಸರ್ಕಲ್.”

“ಅಲ್ಲಿ ನಾ ಬಸ್ಸು ಹತ್ತಿಲ್ಲ” ಅಂದು ಚೆಂಡು ಇಟ್ಟರು.

ಮೊದಲ ಹೊಡೆತ ಚೆನ್ನಾಗಿ ಬಿತ್ತು. ದಾರಿಯ ಪಕ್ಕದ, ದೂರ ತೋರಿಸುವ ಗೂಟ ನೋಡಿ ರಾಕೇಶ್ ಲೆಕ್ಕ ಹಾಕಿದ. “ನೂರ ಅರವತ್ತೈದು ಉಳಿದಿದೆ. ಏಳನೇ ನಂಬರ್.” ಇಳಿಜಾರಿನ ಕೆಳಗೆ ಗುಳಿಯ ಬಾವುಟ ಕೈಗೆಟುಕುವಷ್ಟು ಹತ್ತಿರ ಕಾಣುತ್ತಿತ್ತು. ಅವರು ಏಳು ತೆಗೆದು ಹೊಡೆದರು. ಚೆಂಡು ನೆಟ್ಟಗೆ ಹೋಗಿ, ಬಾವುಟಕ್ಕೆ ಇನ್ನೂ ಬಹಳ ದೂರವಿರುವಾಗಲೇ ಒಂದು ತೊರೆಯೊಳಗೆ ಬಿತ್ತು. ಎರಡನೆಯ ಗುಳಿಯಲ್ಲಿ ಏರು. ರಾಕೇಶ್ ಹೇಳಿದ ಕೋಲಿನಿಂದ ಹೊಡೆದ ಚೆಂಡು ಅರ್ಧ ದಾರಿಯ ಮರಳಿನಲ್ಲಿ ಹೂತುಕೊಂಡಿತು. ಮಹಾಲಿಂಗಪ್ಪನವರು ಕೈ ಚಾಚಿ ಹಾಳೆ ಇಸಿದುಕೊಂಡರು, ಕನ್ನಡಕ ಹಣೆಗೇರಿಸಿ ನೋಡಿದರು, ಆಮೇಲೆ ಹಿಂದಕ್ಕೆ ಕೊಟ್ಟರು.

“ಚಂದ ಮಾಡೀದಿ” ಅಂದರು.

ಅಲ್ಲಿಂದ ಮುಂದೆ ಕ್ರಮ ಒಂದೇ. ರಾಕೇಶ್ ದೂರ ಓದುತ್ತಿದ್ದ, ನಂಬರು ಹೇಳುತ್ತಿದ್ದ. ಅವರು “ಹೂಂ” ಅಂದು ಚೀಲದಿಂದ ಕೋಲು ತಾವೇ ಎಳೆದುಕೊಳ್ಳುತ್ತಿದ್ದರು. ಅವರು ಎಳೆದ ಕೋಲು ಯಾವುದು ಎಂದು ನೋಡುವ ಬದಲು ರಾಕೇಶ್ ಮುಂದಿನ ಗುಳಿಯ ನಕ್ಷೆ ನೋಡುತ್ತಿದ್ದ. ನೋಡಿದ್ದರೂ ಆರಕ್ಕೂ ಒಂಬತ್ತಕ್ಕೂ ವ್ಯತ್ಯಾಸ ತಿಳಿಯಲು ಅವನಿಗೆ ಕೋಲನ್ನು ತಿರುಗಿಸಿ ನೋಡಬೇಕಾಗುತ್ತಿತ್ತು. ಮೂರನೆಯದರಲ್ಲಿ ಚೆಂಡು ಬಾವುಟದ ಮೇಲಿಂದ ಹಾರಿ ಆಚೆಯ ಪೊದೆಗೆ ಬಿತ್ತು. ನಾಲ್ಕನೆಯದರಲ್ಲಿ ಎಡಕ್ಕೆ ಕಾಡು. ಐದನೆಯದರಲ್ಲಿ ಬಲಕ್ಕೆ ಕಣಿವೆ, ಅಲ್ಲಿ ಚೆಂಡು ಸಿಗಲೇ ಇಲ್ಲ. ಜೊತೆಗೆ ಆಡುತ್ತ ಇವರ ಕಾರ್ಡು ಬರೆಯುತ್ತಿದ್ದ ಉದ್ದನೆಯ ಜರ್ಮನ್ನನು ಪ್ರತಿ ಗುಳಿಯ ಕೊನೆಗೆ ಸಂಕೋಚದಿಂದ, “ಐದು?” ಎಂದು ಕೇಳುತ್ತಿದ್ದ. “ಆರು” ಎಂದು ಮಹಾಲಿಂಗಪ್ಪನವರು ತಿದ್ದುತ್ತಿದ್ದರು. ಮುಖದಲ್ಲಿ ಬೇಸರವೇನೂ ಇರಲಿಲ್ಲ. ಹೊಸ ಊರಿನಲ್ಲಿ ಬಸ್ಸಿನಿಂದ ಇಳಿದವರು ಬೋರ್ಡು ಹುಡುಕುವ ಹಾಗೆ ಪ್ರತಿ ಸಲ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ನೋಡುತ್ತಿದ್ದರು.

ಹನ್ನೊಂದನೆಯ ಗುಳಿಯಲ್ಲಿ ಮುಂದಿನ ಗುಂಪಿನವರು ನಿಧಾನ ಮಾಡಿದ್ದರಿಂದ ಕಾಯಬೇಕಾಯಿತು. ಮಹಾಲಿಂಗಪ್ಪನವರು ಸುಮ್ಮನೆ ನಿಲ್ಲದೆ ನೂರು ಮೀಟರಿನ ಗೂಟದಿಂದ ಐವತ್ತರ ಗೂಟದ ಕಡೆ ನಡೆಯತೊಡಗಿದರು. ತುಟಿ ಅಲ್ಲಾಡುತ್ತಿತ್ತು. ಗಾಡಿ ತಳ್ಳುತ್ತ ಹಿಂದೆ ಹೋಗುತ್ತಿದ್ದ ರಾಕೇಶನಿಗೆ ಕೊನೆಯ ಮೂರು ಅಂಕಿಗಳು ಕೇಳಿದವು.

“ಅರವತ್ತೆಂಟು, ಅರವತ್ತೊಂಬತ್ತು, ಎಪ್ಪತ್ತು.” ಐವತ್ತರ ಗೂಟ ಬಂತು.

“ಏನು ಎಣಿಸ್ತಿದ್ದೀರಿ ಅಂಕಲ್?”

“ಹೆಜ್ಜಿ. ಮತ್ತೇನು?”

ಐವತ್ತು ಮೀಟರಿಗೆ ಎಪ್ಪತ್ತು ಹೆಜ್ಜೆ. ರಾಕೇಶ್ ಗಾಡಿ ನಿಲ್ಲಿಸಿದ. ನೋಟ್‌ಬುಕ್ಕಿನಲ್ಲಿದ್ದದ್ದು ಮೀಟರಲ್ಲ, ಗಿಡ್ಡ ಆಳಿನ ಹೆಜ್ಜೆ. ನೂರ ಎಪ್ಪತ್ತು ಹೆಜ್ಜೆ ಅಂದರೆ ನೂರ ಇಪ್ಪತ್ತು ಮೀಟರು ಇದ್ದರೆ ಹೆಚ್ಚು. ಬೆಳಗಿನಿಂದ ಅವನು ಅವರಿಗೆ ಹೇಳಿದ ಪ್ರತಿ ನಂಬರೂ ಐವತ್ತು ಮೀಟರು ಸುಳ್ಳು. ಒಂದು ದೇಶದ ಮಾರ್ಕನ್ನೆಲ್ಲ ಯೂರೋ ಮಾಡಿದ ಮನುಷ್ಯ ಒಂದು ಪ್ರಶ್ನೆ ಕೇಳದೆ ಅವರ ಹನ್ನೆರಡು ವರ್ಷವನ್ನು ಕೆಡಿಸಿದ್ದ.

ಹೇಳಬೇಕಿತ್ತು. ಆದರೆ ಹೇಳಿದರೆ ಉಳಿದ ಆಟವೂ ಕೆಡುತ್ತದೆ ಎಂದು ತನಗೇ ಒಂದು ಕಾರಣ ಕೊಟ್ಟುಕೊಂಡ. ಅದು ಅವನಿಗೆ ಅನುಕೂಲದ ಕಾರಣವೂ ಆಗಿತ್ತು. ಹನ್ನೆರಡನೆಯದರಿಂದ ಹಾಳೆಯ ಅಂಕಿಯನ್ನು ತಲೆಯಲ್ಲೇ ಏಳರಿಂದ ಗುಣಿಸಿ ಹತ್ತರಿಂದ ಭಾಗಿಸಿ ಸರಿಯಾದ ನಂಬರು ಹೇಳತೊಡಗಿದ. “ಹೂಂ” ಅಂದರು ಅವರು. ಚೆಂಡು ಮೊದಲಿನಷ್ಟೇ ಶ್ರದ್ಧೆಯಿಂದ ಕಾಡಿಗೂ ಕಣಿವೆಗೂ ಹೋಯಿತು. ಮನಸ್ಸು ಆಗಲೇ ಮುರಿದಿರಬೇಕು, ಇನ್ನು ಸರಿಯಾದ ನಂಬರು ಹೇಳಿ ಏನು ಪ್ರಯೋಜನ ಅಂದುಕೊಂಡ ರಾಕೇಶ್.

ಒಟ್ಟು ನೂರ ಮೂರು.

ಕ್ಲಬ್ಬಿನ ಜಗುಲಿಯ ಮೂಲೆಯ ಮೇಜಿನ ಬಳಿ ಅವರು ಕೂತರು. ಮಹಾಲಿಂಗಪ್ಪನವರು ಸುಶೀಲಾಬಾಯಿ ಕಟ್ಟಿಕೊಟ್ಟಿದ್ದ ಬುತ್ತಿ ಬಿಚ್ಚಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ಕೆಸ್ಲರ್ ಬಂದರು. ಕಾರ್ಡು ನೋಡಿದರು, ಮತ್ತೊಮ್ಮೆ ಕೂಡಿಸಿ ನೋಡಿದರು. ಆಮೇಲೆ ಚೀಲದಿಂದ ಒಂದು ಫಾರ್ಮು ತೆಗೆದು ಮೇಜಿನ ಮೇಲೆ ಸರಿಯಾಗಿ ನೆಟ್ಟಗೆ ಇಟ್ಟರು.

“ಹೆರ್ ಮಹಾಲಿಂಗಪ್ಪ,” ಅಂದರು ಜರ್ಮನ್ನಿನಲ್ಲಿ, “ಇಲ್ಲಿ ಕೆಳಗೆ ಷರಾ ಅಂತ ಒಂದು ಜಾಗ ಇದೆ. ಆಟದ ಮೇಲೆ ಪರಿಣಾಮ ಮಾಡಿದ ಹೊರಗಿನ ಕಾರಣ ಏನಾದರೂ ಇದ್ದರೆ ಬರೆಯಬಹುದು. ಮೈಯಲ್ಲಿ ಹುಷಾರಿಲ್ಲದಿರುವುದು, ಮುರಿದ ಕೋಲು, ಯಾವುದಾದರೂ. ಬರೆದಿದ್ದರೆ ಈ ಕಾರ್ಡನ್ನು ಪಕ್ಕಕ್ಕಿಟ್ಟು ಅಕ್ಟೋಬರಿನಲ್ಲಿ ಇನ್ನೊಂದು ಕೇಳುತ್ತೇನೆ. ಖಾಲಿ ಬಿಟ್ಟರೆ ಇವತ್ತೇ ಇಪ್ಪತ್ತೆರಡು ಬರೆಯಬೇಕು.” ಒಂದು ಕ್ಷಣ ನಿಂತು, “ನಾನು ಕಾಫಿ ತರುತ್ತೇನೆ. ಅವಸರವಿಲ್ಲ” ಅಂದು ಒಳಗೆ ಹೋದರು.

ಅವರು ಬಾಗಿಲು ದಾಟುವುದನ್ನೇ ಕಾಯುತ್ತಿದ್ದ ರಾಕೇಶ್ ಪ್ಲಾಸ್ಟಿಕ್ ಹೊದಿಸಿದ ಹಾಳೆಯನ್ನು ಮೇಜಿನ ಮೇಲಿಟ್ಟ.

“ಅಂಕಲ್, ತಪ್ಪು ನಂದು. ನಿಮ್ಮ ನೋಟ್‌ಬುಕ್ಕಲ್ಲಿ ಇದ್ದಿದ್ದು ಹೆಜ್ಜೆ. ನಾನು ಮೀಟರ್ ಅಂದ್ಕೊಂಡೆ. ಕೇಳ್ಲಿಲ್ಲ. ಹನ್ನೊಂದನೇ ಹೋಲಲ್ಲಿ ಗೊತ್ತಾಯ್ತು, ಆಗ್ಲೂ ಬಾಯಿ ಬಿಡ್ಲಿಲ್ಲ.”

ಮಹಾಲಿಂಗಪ್ಪನವರು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು.

“ಇದನ್ನೇ ಬರೀರಿ. ನೀವು ಬರೀದಿದ್ರೆ ನಾನ್ ಬರೀತೀನಿ. ರಾಂಗ್ ಡಿಸ್ಟೆನ್ಸ್ ಕೊಟ್ಟ ಅಂತ. ಪ್ರೂಫ್ ಇಲ್ಲೇ ಇದೆ ನೋಡಿ, ಲ್ಯಾಮಿನೇಟ್ ಬೇರೆ ಮಾಡ್ಸಿದೀನಿ. ಅಕ್ಟೋಬರಲ್ಲಿ ಕರೆಕ್ಟಾಗಿ ಮಾಡ್ಕೊಡ್ತೀನಿ, ಇನ್ನೊಂದ್ಸಲ ಆಡಿ.”

“ಉಣ್ಣೋ ಮೊದಲ” ಅಂದು ಅವರು ಅರ್ಧ ರೊಟ್ಟಿ ಅವನ ಕಡೆ ಸರಿಸಿದರು.

ಅವನು ಮುಟ್ಟಲಿಲ್ಲ. ಅವರು ಕೈ ಒರೆಸಿಕೊಂಡು, ಜರ್ಸಿಯ ಮೇಲೆ ಬಿದ್ದ ಚಟ್ನಿಪುಡಿಯನ್ನು ಉಗುರಿನಿಂದ ತೆಗೆದು, ಪೆನ್ನು ಎತ್ತಿಕೊಂಡರು. ಫಾರ್ಮನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಗಿಯರಿನ ಹಲ್ಲು ನೋಡುವ ಹಾಗೆ, ಯಾವ ಸಾಲನ್ನೂ ಬಿಡದೆ. ಷರಾ ಎಂಬ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಒಳಗೆ ಕಾಫಿ ಯಂತ್ರ ಸದ್ದು ಮಾಡುತ್ತಿತ್ತು. ಆ ಖಾಲಿ ಜಾಗದಲ್ಲಿ ತನ್ನ ಹೆಸರು ಬಂದರೆ ಸಾಕು, ಎದೆ ಮೇಲಿನ ಕಲ್ಲು ಇಳಿಯುತ್ತದೆ ಅನ್ನಿಸಿತು ರಾಕೇಶನಿಗೆ. ಅವರು ಅಲ್ಲಿ ಆ ಕಡೆಯಿಂದ ಈ ಕಡೆಗೆ ಒಂದು ಗೆರೆ ಎಳೆದು, ಕೆಳಗೆ ಸಹಿ ಹಾಕಿದರು.

“ಯಾಕಂಕಲ್?” ಅಂದ ರಾಕೇಶ್. ಕೇಳಬಾರದು ಅಂತ ಗೊತ್ತಿದ್ದರೂ ಮುಂದಿನದು ಬಾಯಿಂದ ಬಿದ್ದೇ ಹೋಯಿತು. “ನನ್ನ ಚೀಟಿ ಸರಿ ಇದ್ದಿದ್ರೆ ಹದಿನಾಲ್ಕು ಬರ್ತಿತ್ತು ಅಲ್ವಾ?”

“ಇಲ್ಲ,” ಅಂದರು ಮಹಾಲಿಂಗಪ್ಪನವರು ಪೆನ್ನಿನ ಮುಚ್ಚಳ ಹಾಕುತ್ತ. “ನಿನ್ನ ಚೀಟಿ ನಾ ಎರಡ್ನೇ ಗುಳಿಗೇ ಬಿಟ್ಟೆ. ಉಳದ ಹದಿನಾರೂ ನಾನs ಹೊಡದದ್ದು.”